ಏಳು ಸಲ ನೀರು

ಹನ್ನೊಂದು ವರ್ಷ ಹಕ್ಕಿಗಳು ನನ್ನ ಬಳಿ ತಲೆಕೆಳಗಾಗಿ ಬಂದವು,
ಕೊಕ್ಕೆಗೆ ಕಾಲು ಸಿಕ್ಕಿಸಿಕೊಂಡು, ನಿಮಿಷಕ್ಕೆ ಮೂವತ್ತು.
ಮಿನೆಸೋಟಾದ ಟರ್ಕಿ ಕಾರ್ಖಾನೆ. ನನ್ನ ಪಾಲಿಗೆ ಎಡ ರೆಕ್ಕೆ.
ಬಲ ರೆಕ್ಕೆ ಎದುರು ನಿಂತ ಎವೆಲಿಯೋನದು.
ಯಂತ್ರದ ಸದ್ದಿಗೆ ನಾವು
ಹುಬ್ಬಿನಲ್ಲೇ ಮಾತಾಡಿಕೊಂಡದ್ದು.
ಮಣಿಕಟ್ಟು ಊದಿ ಚಮಚವೂ ನಿಲ್ಲದಂತಾದಾಗ
ಆ ಕೆಲಸದಿಂದ ಕೈ ತೊಳೆದುಕೊಂಡೆ.

ಈಗ ಮಾರ್ಚ್. ಬೆಳಗಿನ ಐದೂಕಾಲು.
ಆಸ್ಪತ್ರೆಯ ಕೊಳ ಅರ್ಧ ಗಡ್ಡೆ, ಅರ್ಧ ನೀರು.
ದಂಡೆಯ ಮೇಲೆ ನೂರಾ ನಲವತ್ತು ಹೆಬ್ಬಾತು,
ಹೆಜ್ಜೆ ಇಟ್ಟಲ್ಲೆಲ್ಲ ಹಸಿರು ಹಿಕ್ಕೆ.
"ಗಾಲಿಕುರ್ಚಿಯ ಚಕ್ರಕ್ಕೆ ಮೆತ್ತಿಕೊಂಡು
ವಾರ್ಡಿನೊಳಗೇ ಬರುತ್ತದಂತೆ," ಎಂದಳು ಸಿಗ್ನೆ,
ಎಪ್ಪತ್ತರ ಯಜಮಾನಿ, ಥರ್ಮಾಸಿನ ಮುಚ್ಚಳದಲ್ಲಿ ಕಾಫಿ ಹೀರುತ್ತ.
"ನಿಯಮ ಒಂದೇ, ಗುಲೇದ್. ಹೆದರಿಸು, ಮುಟ್ಟಬೇಡ.
ಒಂದು ಪುಕ್ಕ ಉದುರಿದರೂ
ನಿನ್ನ ಕೆಲಸ ಹೋಯಿತು, ನನ್ನ ಪರವಾನಗಿ ಕೂಡ."

ವ್ಯಾನಿನ ಹಿಂಬಾಗಿಲಿನಿಂದ ಟಿಕ್ ಇಳಿದಳು.
ಕಪ್ಪು ಬಿಳುಪು ಮೈ, ಒಂದು ಕಿವಿ ನೆಟ್ಟಗೆ, ಒಂದು ಮಡಚಿ.
ನಾನು ಎರಡೂ ಕೈ ಕಂಕುಳಲ್ಲಿ ಬಚ್ಚಿಟ್ಟೆ.
ನಮ್ಮ ಕಡೆ ನಾಯಿಗೂ ಮನುಷ್ಯನಿಗೂ ನಡುವೆ
ಹುಟ್ಟಿನಿಂದಲೇ ಒಂದು ಮಾರು ದೂರ.
ಅವಳು ಮೂಸಲಿಲ್ಲ, ಬಾಲ ಆಡಿಸಲಿಲ್ಲ.
ಕೊಳವನ್ನೇ ನೋಡಿದಳು,
ಸಾಲ ಕೊಟ್ಟವನು ಅಂಗಡಿಯ ಬಾಗಿಲು ನೋಡುವ ಹಾಗೆ.

ಸಿಗ್ನೆ ಕೊಟ್ಟ ತಗಡಿನ ಸೀಟಿಯಲ್ಲಿ
ನನಗೆ ಬಂದದ್ದು ಬರೀ ಉಗುಳು.
ಮೂರನೆಯ ಸಲ ಬಾಯಿ ತನ್ನಷ್ಟಕ್ಕೇ
ಅಜ್ಜನ ಸದ್ದು ಮಾಡಿತು: ಬಾವಿಯ ಬಾಯಿಯಿಂದ
ಒಂಟೆಗಳನ್ನು ಹಿಂದೆ ಸರಿಸಲು
ಹಲ್ಲಿನ ಸಂದಿಯಲ್ಲಿ ಎಳೆಯುತ್ತಿದ್ದ ಉದ್ದನೆಯ ಹೋಯ್.
ಟಿಕ್ ಒಮ್ಮೆ ತಿರುಗಿದಳು.
ಭಾಷೆ ತಿಳಿಯದಿದ್ದರೂ ಕಸುಬು ತಿಳಿದ ಮುಖ.
ಆಮೇಲೆ ಹೊಟ್ಟೆ ನೆಲಕ್ಕೆ ತಾಗಿಸಿ ಹೊರಟಳು,
ತೋಳದ್ದೇ ನಡಿಗೆ,
ಹಲ್ಲನ್ನು ಮಾತ್ರ ಮನೆಯಲ್ಲಿಟ್ಟು ಬಂದವಳಂತೆ.

ಕತ್ತುಗಳು ಎದ್ದವು. ಒಂದು ಕೂಗಿತು. ಮತ್ತೆ
ಹುಲ್ಲುಹಾಸೇ ಕಿತ್ತುಕೊಂಡು ಮೇಲೆದ್ದ ಹಾಗೆ
ಎಡ ರೆಕ್ಕೆ, ಬಲ ರೆಕ್ಕೆ,
ಎರಡೂ ಒಂದೇ ಹಕ್ಕಿಯಲ್ಲಿ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಅವು ನನ್ನಿಂದ ದೂರ ಹೋದವು.
ನಾನು ಟೋಪಿ ತೆಗೆದು ನಿಂತಿದ್ದೆ, ಯಾಕೋ.
ಅವು ರಸ್ತೆ ದಾಟಿ ಗಾಲ್ಫ್ ಮೈದಾನದಲ್ಲಿ ಇಳಿದವು.
"ಅದೂ ನಮ್ಮದೇ," ಎಂದಳು ಸಿಗ್ನೆ. "ಏಳು ಗಂಟೆಗೆ."

ಮನೆಯಲ್ಲಿ ಹೋದನ್ ಕೇಳಿದ್ದು ಒಂದೇ: "ನೆಕ್ಕಿತಾ?"
ಕಾಯುವ ನಾಯಿಗೆ ಅಡ್ಡಿಯಿಲ್ಲ ಎಂದಿದ್ದರು ಇಮಾಮರು,
ಎಂಜಲು ತಾಗಿದರೆ ಏಳು ಸಲ ನೀರು,
ಅದರಲ್ಲೊಂದು ಮಣ್ಣಿನ ಜೊತೆ.
ಹೊರಗೆ ನೆಲ ಇನ್ನೂ ಕಲ್ಲು, ಗುದ್ದಲಿ ಪುಟಿಯುತ್ತದೆ.
ಎಂಟು ವರ್ಷದ ಇಲ್ವಾದ್ ಕಿಟಕಿಯ ಜೆರೇನಿಯಂ ಕುಂಡದಿಂದ
ಮಣ್ಣು ತೋಡಿ ಮೊಸರಿನ ಡಬ್ಬಿಗೆ ತುಂಬಿಟ್ಟಳು.
ಸೋಮವಾರದಿಂದ ಗುರುವಾರದವರೆಗೆ
ಡಬ್ಬಿ ಬಾಗಿಲ ಬಳಿ ಸುಮ್ಮನೆ ಕೂತಿತ್ತು.

ಶುಕ್ರವಾರ ಎಲ್ಲ ಹಾರಿದ ಮೇಲೂ ಎರಡು ಉಳಿದವು.
ಗಂಡಿನ ರೆಕ್ಕೆ ಮುರಿದು ಹಳೆಯದಾಗಿ ಕೂಡಿಕೊಂಡಿತ್ತು, ವಕ್ರವಾಗಿ.
ಹೆಣ್ಣು ಗಾಳಿಯಲ್ಲಿ ಎರಡು ಸುತ್ತು ಹಾಕಿ
ಬೈಯುತ್ತಲೇ ಬಂದು ಪಕ್ಕದಲ್ಲಿಳಿಯಿತು.
ಟಿಕ್ ಎದೆಮಟ್ಟ ನೀರಿನಲ್ಲಿ ನಿಂತಳು.
ಗಂಡು ಬುಸುಗುಟ್ಟಿತು. ಇವಳು ಕದಲಲಿಲ್ಲ.
ಮುರಿದದ್ದು ಯಾವ ರೆಕ್ಕೆ ಎಂದು ನಾನು ನೋಡಿದೆ.
ಎಡದ್ದು.

ಸಾಕು ಎಂದೆ, ಸೊಮಾಲಿಯಲ್ಲಿ. ಬಂದಳು.
ನಡುಗುತ್ತಿದ್ದಳು, ಚಳಿಗೋ, ಬಿಟ್ಟು ಬಂದದ್ದಕ್ಕೋ.
ಕೈ ಕಂಕುಳಿನಿಂದ ಯಾವಾಗ ಹೊರಬಂತೋ ತಿಳಿಯದು.
ಊದಿದ ಮಣಿಕಟ್ಟಿನ ಮೇಲೆ ಬಿಸಿ ನಾಲಿಗೆ,
ಒಮ್ಮೆ, ಸರಕ್ಕನೆ, ಸಹಿ ಹಾಕಿದ ಹಾಗೆ.

ಬಚ್ಚಲಲ್ಲಿ ಇಲ್ವಾದ್ ಜೋರಾಗಿ ಎಣಿಸುತ್ತಾಳೆ.
"ಮಣ್ಣು ಎಷ್ಟು ಹಾಕಲಿ? ಗಿಡ ಸತ್ತರೆ?"
ಕೊಡಿಲ್ಲಿ ಎಂದೆ.
ಚಮಚ ನಾನೇ ಹಿಡಿದೆ.